ಇನ್‌ಸ್ಪೆಕ್ಷನ್ ಸಾರ್ ಆರಿಸಿದ ಬ್ರೌಸರ್

ಹೋದ ವಾರ ಪಕ್ಕದ ಫ್ಲಾಟಿನವರು ಹೊಸ ಲ್ಯಾಪ್‌ಟಾಪ್ ತಂದು ನನ್ನನ್ನು ಕರೆದರು. "ಇದ್ರಲ್ಲಿ ಬಂದಿರೋ ಬ್ರೌಸರ್ ಬೇಡ ಕಣ್ರೀ. ಸ್ಲೋ. ಅದೂ ಅಲ್ದೆ ನಾವು ಏನು ನೋಡಿದ್ರೂ ಅದರ ಜಾಹೀರಾತು ಬೆನ್ನು ಹತ್ತತ್ತೆ. ಬೇರೆ ಯಾವುದಾದ್ರೂ ಒಳ್ಳೇದು ಹಾಕ್ಕೊಡಿ" ಎಂದರು. ಕಾಲು ಗಂಟೆಯ ಕೆಲಸ. ಹಾಕಿಕೊಟ್ಟೆ. ಇದನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದಾಗ, "ನಮ್ಮ ಹಳೇ ಕಂಪನೀಲಿ ಒಬ್ರು ಟೆಸ್ಟ್ ಮಾಡಿ ಪಾಸ್ ಮಾಡಿದ್ರು" ಎಂದಷ್ಟೇ ಹೇಳಿದೆ. ಹಾಗೆ ಪಾಸ್ ಮಾಡಿದವರು ತೀರಿಕೊಂಡು ಆರು ವರ್ಷವಾಯಿತು ಎಂದು ಹೇಳಲಿಲ್ಲ. ಪಕ್ಕದವರು ಕೊಟ್ಟ ಕಾಫಿ ಕುಡಿದು ಮನೆಗೆ ಬಂದೆ.

ಸತ್ತವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ತಮ್ಮ ವಿಷಯ ಇನ್ನೊಬ್ಬರ ಬಾಯಿಗೆ ಬೀಳಬಾರದೆಂದು ಅಷ್ಟೊಂದು ಪಾಡುಪಟ್ಟವರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಇನ್‌ಸ್ಪೆಕ್ಷನ್ ಸಾರ್ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಪೀಣ್ಯದ ಎರಡನೇ ಹಂತದಲ್ಲಿ, ಪಂಪುಗಳ ಬಿಡಿಭಾಗ ಮಾಡುವ ಕಾರ್ಖಾನೆ ಅದು. ಅಲ್ಲಿಗೆ ನಾನೊಬ್ಬನೇ ಕಂಪ್ಯೂಟರ್ ನೋಡಿಕೊಳ್ಳುವವನು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಸರ್ವರ್ ನಿಂತರೂ ನಾನೇ. ಅವರು ತಪಾಸಣೆ ವಿಭಾಗದ ಮುಖ್ಯಸ್ಥರು. ಇಡೀ ಶೆಡ್ಡಿನಲ್ಲಿ ಲೇತುಗಳ ಸದ್ದು, ಎಣ್ಣೆಯ ವಾಸನೆ. ಅವರ ಕೋಣೆಯಲ್ಲಿ ಮಾತ್ರ ಎ.ಸಿ., ಕನ್ನಡಿಯ ಹಾಗೆ ನುಣುಪಾದ ಕಪ್ಪು ಕಲ್ಲಿನ ಮೇಜು, ಮಖಮಲ್ಲಿನ ಪೆಟ್ಟಿಗೆಗಳಲ್ಲಿ ಮಲಗಿಸಿಟ್ಟ ಮೈಕ್ರೋಮೀಟರುಗಳು. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಯಾರಾದರೂ ಅಳತೆಗೆ ಇಟ್ಟ ತುಂಡನ್ನು ಕೈಯಲ್ಲಿ ಹಿಡಿದು ನಿಂತರೆ, "ಕೆಳಗಿಡಯ್ಯ, ನಿನ್ನ ಕೈ ಬಿಸಿಗೆ ಅದು ಹಿಗ್ಗತ್ತೆ" ಎಂದು ಗದರುತ್ತಿದ್ದರು. ಕೆಟ್ಟ ತುಂಡನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಇದು ಸುಳ್ಳು ಹೇಳ್ತಿದೆ" ಎಂದು ಪಕ್ಕಕ್ಕಿಡುತ್ತಿದ್ದರು.

ಒಮ್ಮೆ ತಯಾರಾಗಿದ್ದ ತುಂಡುಗಳ ಒಂದು ಇಡೀ ಲಾಟನ್ನು ಅವರು ತಿರಸ್ಕರಿಸಿದರು. ಲಾರಿ ಗೇಟಿನಲ್ಲಿ ಬಂದು ನಿಂತಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಓಡಿ ಬಂದು, "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಸಾರ್, ಒಂದು ಸೈನ್ ಹಾಕಿಬಿಡಿ, ಕಸ್ಟಮರ್ ನೋಡೋದೂ ಇಲ್ಲ" ಎಂದು ಬೇಡಿಕೊಂಡರು. ನಾನು ಅಲ್ಲೇ ಮಾನಿಟರಿನ ವಯರು ಸರಿಮಾಡುತ್ತ ಕೂತಿದ್ದೆ. ಸಾರ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. "ನಾನು ಸೈನ್ ಹಾಕಿದ್ರೆ ಅಳತೆ ಬದಲಾಗತ್ತಾ?" ಎಂದರು. ಲಾರಿ ಖಾಲಿ ಹೋಯಿತು. ಇಪ್ಪತ್ತೇಳು ವರ್ಷದಲ್ಲಿ ಅವರು ಒಂದೇ ಒಂದು ಸುಳ್ಳು ವರದಿಗೆ ಸಹಿ ಮಾಡಿರಲಿಲ್ಲ. ಇದನ್ನು ಅವರಾಗಿ ಹೇಳಿಕೊಂಡವರಲ್ಲ. ಅವರನ್ನು ಕಂಡರಾಗದ ಆ ಮ್ಯಾನೇಜರೇ ಹೇಳುತ್ತಿದ್ದರು.

ನನ್ನ ಅವರ ಸ್ನೇಹ ಬೆಳೆದದ್ದು ಬ್ರೌಸರಿನ ದೆಸೆಯಿಂದ. ಒಂದು ದಿನ ಫೋನು ಮಾಡಿ, "ಬಾರಯ್ಯ, ಇದು ತೆರೆಯೋಷ್ಟರಲ್ಲಿ ನಾನು ರಿಟೈರ್ ಆಗ್ತೀನಿ" ಎಂದರು. ಹೋಗಿ ನೋಡಿದರೆ ಯಂತ್ರ ಹಳೆಯದು, ಅದರ ಮೇಲೆ ಎಲ್ಲರೂ ಬಳಸುವ ಆ ಭಾರದ ಬ್ರೌಸರು. ಹಗುರವಾದ ಬೇರೊಂದನ್ನು ಹಾಕಿಕೊಡುತ್ತೇನೆ ಎಂದೆ.

"ಒಂದಲ್ಲ, ಮೂರು ಹಾಕು. ನಾನು ನೋಡಿ ಆರಿಸ್ತೀನಿ."

ಮೂರು ಹಾಕಿದೆ. ಮಾರನೆಯ ದಿನ ಹೋದಾಗ ಕಾರ್ಖಾನೆಯ ಸ್ಟಾಪ್‌ವಾಚ್ ಹಿಡಿದು ಕೂತಿದ್ದರು. ಒಂದೊಂದು ಬ್ರೌಸರಿನಲ್ಲೂ ಅದೇ ಐದು ಪುಟ, ಒಂದೊಂದು ಪುಟವೂ ಐದು ಸಲ. ತಪಾಸಣೆ ವರದಿಯ ನಮೂನೆಯಲ್ಲೇ ಗೀಟು ಎಳೆದು ಸೆಕೆಂಡುಗಳನ್ನು ಬರೆದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಮೂರರಲ್ಲಿ ಒಂದು ಎಲ್ಲಕ್ಕಿಂತ ಬೇಗ ತೆರೆಯುತ್ತಿತ್ತು. ಅದರ ಮುಂದೆ ಟಿಕ್ ಹಾಕಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನೊಂದು ಕೇಳ್ಬೇಕು. ನಾನು ಇಲ್ಲಿ ಏನೋ ಒಂದು ಹುಡುಕಿದೆ. ಅದರ ಜಾಹೀರಾತು ನಮ್ಮನೆ ಲ್ಯಾಪ್‌ಟಾಪಲ್ಲಿ ಬಂತು. ಅದು ಹೇಗೆ?"

"ಎರಡು ಕಡೆನೂ ಒಂದೇ ಅಕೌಂಟ್ ಹಾಕಿದೀರ ಸಾರ್. ನೀವು ನೋಡಿದ್ದೆಲ್ಲ ಅದಕ್ಕೆ ಗೊತ್ತಾಗತ್ತೆ. ಇದ್ರಲ್ಲಿ ಹಾಗಿಲ್ಲ. ಅಕೌಂಟ್ ಹಾಕೋದೇ ಬೇಡ. ಹಿಂದೆ ಬರೋ ಜಾಹೀರಾತಿನವರನ್ನ ಇದೇ ತಡೆಯತ್ತೆ, ಮುಚ್ಚಿದ ತಕ್ಷಣ ನೋಡಿದ್ದೆಲ್ಲ ಅಳಿಸಿಹೋಗತ್ತೆ."

"ಪೂರ್ತಿ?"

"ಈ ಯಂತ್ರದಲ್ಲಿ ಪೂರ್ತಿ. ಯಾವ ಸೈಟಿಗೆ ಹೋದ್ರಿ ಅನ್ನೋದು ಮಾತ್ರ ನಮ್ಮ ಸರ್ವರ್‌ನಲ್ಲಿ ಇರತ್ತೆ. ಅದನ್ನ ನೋಡೋನು ನಾನೊಬ್ನೇ. ನಾನು ನೋಡಲ್ಲ."

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಬೆಳಕಿಗೆ ಹಿಡಿದು ನೋಡಿದ ಹಾಗೆ ಅನ್ನಿಸಿತು. ನನ್ನ ಮಾತನ್ನು ನಂಬಿದರು, ಬ್ರೌಸರನ್ನು ನಂಬಲಿಲ್ಲ. ಅದಕ್ಕೂ ಒಂದು ಪರೀಕ್ಷೆ ನಡೆಯಿತು. ಹಳೆಯ ಬ್ರೌಸರಿನಲ್ಲಿ ಕೊಡೆ ಎಂದು ಹುಡುಕಿದರು, ಹೊಸದರಲ್ಲಿ ಹಾರ್ಮೋನಿಯಂ ಎಂದು. ಮಧ್ಯಾಹ್ನದ ಹೊತ್ತಿಗೆ ಬಣ್ಣಬಣ್ಣದ ಕೊಡೆಗಳು ಬಂದು ತೆರೆದುಕೊಂಡವು, ಸಂಜೆ ಮನೆಗೂ ಹೋದವು. ಹಾರ್ಮೋನಿಯಂ ಮೂರು ದಿನ ಕಾದರೂ ಎಲ್ಲಿಯೂ ಬರಲಿಲ್ಲ. ನಾಲ್ಕನೆಯ ದಿನ ನನ್ನ ಮೇಜಿನ ಹತ್ತಿರ ಬಂದು, "ಪಾಸ್" ಎಂದು ಹೇಳಿ ಹೋದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಕಂಡದ್ದು ಅದೇ ಕೊನೆ. ಮನೆಯ ಲ್ಯಾಪ್‌ಟಾಪನ್ನೂ ತಂದುಕೊಟ್ಟು ಅದನ್ನೇ ಹಾಕಿಸಿಕೊಂಡರು.

ಅದರ ಮುಂದಿನ ಸೋಮವಾರ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟರು. "ನಮ್ಮನೆಯವ್ರು ಕೊಟ್ರು. ತಿನ್ನು" ಎಂದವರೇ ಹೊರಟುಹೋದರು. ನೋಡಿದರೆ ಮೆತ್ತಗೆ ಬೆಂದ ಅನ್ನ, ಸೋರೆಕಾಯಿಯ ಸಪ್ಪೆ ಪಲ್ಯ, ಮೊಸರು. ಖಾರ ಇಲ್ಲ, ಒಗ್ಗರಣೆಯೂ ಇಲ್ಲ. ನಾನಾಗ ರಾಜಗೋಪಾಲನಗರದಲ್ಲಿ ಒಂದು ರೂಮು ಮಾಡಿಕೊಂಡು ಒಬ್ಬನೇ ಇದ್ದೆ. ಮನೆಯ ಊಟವೆಂದರೆ ಏನಾದರೂ ಸರಿ. ಬುಧವಾರ ಗಂಜಿ ಬಂತು. ಶುಕ್ರವಾರ ಹೆಸರುಬೇಳೆ ಕಟ್ಟು. ಶನಿವಾರ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು, ಹೆಂಗಸಿನ ದನಿ.

"ಇನ್‌ಸ್ಪೆಕ್ಷನ್ ಸಾರ್ ಮನೆಯಿಂದ ಮಾತಾಡ್ತಿರೋದು ಕಣಪ್ಪ. ಅವರ ಫೋನಲ್ಲಿ ನಿನ್ನ ನಂಬರ್ ಇತ್ತು. ವಾಂತಿ ನಿಂತ್ತಾ? ಗಂಜಿ ಆದ್ರೂ ಒಳಗೆ ಉಳೀತಾ?"

ಯಾರ ವಾಂತಿಯೆಂದು ತಿಳಿಯದಿದ್ದರೂ "ಹ್ಞೂಂ ಅಮ್ಮ" ಎಂದೆ.

"ಧೈರ್ಯ ಬಿಡಬೇಡ. ನಿನ್ನ ವಯಸ್ಸೇನು ಮಹಾ. ಊರಲ್ಲಿ ತಾಯಿಗೆ ಹೇಳಿದೀಯಾ? ಹೇಳಪ್ಪಾ. ಹೆತ್ತವಳಿಗೆ ಮುಚ್ಚಿಡಬಾರದು."

ಸೋಮವಾರ ಬೆಳಗ್ಗೆ ನೇರವಾಗಿ ತಪಾಸಣೆ ಕೋಣೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಬಾಗಿಲು ಹಾಕಿದರು. ಆಮೇಲೆ ಕಪ್ಪು ಮೇಜಿನ ಮೇಲೆ ಎರಡೂ ಅಂಗೈ ಊರಿ ನಿಂತು ಹೇಳಿದರು. ಬೆನ್ನು ನೋವೆಂದು ತೋರಿಸಲು ಹೋದವರಿಗೆ ಸ್ಕ್ಯಾನ್ ಮಾಡಿಸಿದ್ದರು. ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ, ಲಿವರಿಗೂ ಹರಡಿತ್ತು. ಆಪರೇಷನ್ ಮಾಡುವ ಹಂತ ದಾಟಿದೆ ಎಂದಿದ್ದರು ಡಾಕ್ಟರು. ಆ ಮಾತಿನ ಅರ್ಥ ಸರಿಯಾಗಿ ತಿಳಿಯದೆ ಆಫೀಸಿನಲ್ಲಿ ಕೂತು ಹುಡುಕಿದ್ದರು. ಸಂಜೆ ಮಗಳು ಮನೆಯ ಲ್ಯಾಪ್‌ಟಾಪಿನಲ್ಲಿ ಪಾಠದ ವಿಡಿಯೋ ನೋಡಲು ಕೂತರೆ ನಡುನಡುವೆ ಕ್ಯಾನ್ಸರ್ ಆಸ್ಪತ್ರೆಯ ಜಾಹೀರಾತು.

"ಮಗಳು ಕೇಳಿದ್ಳು, ಅಪ್ಪಾ ಇದನ್ನ ಯಾರು ಹುಡುಕಿದ್ದು ಅಂತ. ಇವಳೂ ಅಡಿಗೆಮನೆಯಿಂದ ಕೈ ಒರೆಸ್ಕೊಂಡು ಬಂದ್ಳು. ಇಬ್ರೂ ನನ್ನನ್ನೇ ನೋಡ್ತಿದಾರೆ. ನಮ್ಮ ಆಫೀಸಿನ ಕಂಪ್ಯೂಟರ್ ಹುಡುಗನಿಗೆ ಹೀಗಾಗಿದೆ, ಅವನಿಗೋಸ್ಕರ ನೋಡ್ದೆ ಅಂದ್ಬಿಟ್ಟೆ. ಬಾಯಿಗೆ ನಿನ್ನ ಹೆಸರೇ ಬಂತು. ತಪ್ಪಾಯ್ತು ಕಣಯ್ಯ."

ಕೂತುಕೊಳ್ಳೋಣವೆಂದರೆ ಅಲ್ಲಿ ಇದ್ದದ್ದು ಒಂದೇ ಕುರ್ಚಿ, ಅದು ಅವರದು.

"ಮನೇಲಿ ಹೇಳ್ಬಿಡಿ ಸಾರ್" ಎಂದೆ.

"ಹೇಳ್ತೀನಿ. ಹೇಳಲ್ಲ ಅಂತಲ್ಲ. ಜಾಹೀರಾತಿನವನು ಹೇಳೋದಲ್ಲ, ನಾನು ನನ್ನ ಬಾಯಲ್ಲಿ ಹೇಳ್ಬೇಕು. ಅಷ್ಟಕ್ಕೇ ನಿನ್ನ ಹತ್ರ ಇದನ್ನ ಹಾಕಿಸ್ಕೊಂಡಿದ್ದು. ಮಗಳ ಪರೀಕ್ಷೆ ಒಂದು ಮುಗೀಲಿ."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ಅವರ ಸಾವಿನ ಸುದ್ದಿ ಅವರದು, ಹೇಳುವ ಹೊತ್ತನ್ನು ಅವರೇ ಆರಿಸಿಕೊಳ್ಳಲಿ ಎಂದು ನನಗೂ ಅನ್ನಿಸಿತ್ತು.

ಆಮೇಲೆ ಊಟದ ಹೊತ್ತಿನಲ್ಲಿ ಅವರು ಕ್ಯಾಂಟೀನಿಗೆ ಬರುವುದನ್ನು ಬಿಟ್ಟರು. ಕೋಣೆಯಲ್ಲಿ ಕೂತು ಆ ಹೊಸ ಬ್ರೌಸರಿನಲ್ಲಿ ಓದುತ್ತಿದ್ದರು. ಯಾರಾದರೂ ಬಾಗಿಲು ತಟ್ಟಿದರೆ ಒಂದು ಕ್ಲಿಕ್, ಎಲ್ಲ ಮಾಯ. ಗಾಜಿನಾಚೆಯಿಂದ ಎಷ್ಟೋ ಸಲ ನೋಡಿದ್ದೇನೆ, ಮುಚ್ಚಿದ ಮೇಲೆ ಒಂದು ಕ್ಷಣ ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಮೈ ಇಳಿಯತೊಡಗಿತು. ಕಾರ್ಖಾನೆಯಲ್ಲಿಯೂ ಮನೆಯಲ್ಲಿಯೂ ಶುಗರ್ ಎಂದರು. ಅವರಿಗೆ ಮೊದಲಿಂದ ಶುಗರ್ ಇತ್ತು, ಹಾಗಾಗಿ ಎಲ್ಲರೂ ನಂಬಿದರು. ಪ್ಯಾಂಟಿನ ಬೆಲ್ಟಿಗೆ ತಾವೇ ಹೊಸ ತೂತು ಕೊರೆದುಕೊಂಡಿದ್ದರು, ಎಷ್ಟು ಅಚ್ಚುಕಟ್ಟಾಗಿ ಎಂದರೆ ಅಂಗಡಿಯಲ್ಲೇ ಮಾಡಿಸಿದಂತಿತ್ತು.

ಮಗಳ ಪರೀಕ್ಷೆ ಮುಗಿಯಿತು. "ಹೇಳಿದ್ರಾ ಸಾರ್?" ಎಂದೆ. ಫಲಿತಾಂಶ ಬರಲಿ ಎಂದರು. ಬಂತು. ಹೆಂಡತಿಯ ತಮ್ಮನ ಗೃಹಪ್ರವೇಶ ಕಳೆಯಲಿ ಎಂದರು. ಕಳೆಯಿತು. ಒಮ್ಮೆ ನಾನು ದನಿ ಏರಿಸಿಯೇ ಕೇಳಿದೆ. "ಎಷ್ಟು ದಿನ ಸಾರ್ ಹೀಗೆ?" ಅವರು ಒಂದು ತುಂಡು ಹಿಡಿದು ಅಳೆಯುತ್ತಿದ್ದರು. ಅಳತೆ ಓದಿ, ಮತ್ತೆ ಓದಿ, ಮೈಕ್ರೋಮೀಟರನ್ನು ಪೆಟ್ಟಿಗೆಯಲ್ಲಿಟ್ಟರು. "ಅವಳು ಈಗ ಬೆಳಗ್ಗೆ ರೇಡಿಯೋ ಹಾಕ್ಕೊಂಡು ಹಾಡ್ತಾ ದೋಸೆ ಹುಯ್ತಾಳೆ. ನಾನು ಹೇಳಿದ ದಿನದಿಂದ ಹಾಡಲ್ಲ. ಇನ್ನೊಂದು ದಿನ ಕೇಳೋಣ, ಇನ್ನೊಂದು ದಿನ ಕೇಳೋಣ ಅನ್ಸತ್ತೆ ಕಣಯ್ಯ" ಎಂದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

ಅತ್ತ ಸಾರ್ ಮನೆಯ ಅಮ್ಮನ ಡಬ್ಬಿ ನಿಲ್ಲಲಿಲ್ಲ. ನನಗೋಸ್ಕರ ಅವರು ಶನಿವಾರ ಉಪವಾಸ ಹಿಡಿದರು. ದೇವಸ್ಥಾನದ ಕೆಂಪು ದಾರ ಕಳಿಸಿದರು. ಸಾರ್ ಅದನ್ನು ನನ್ನ ಕೈಗೆ ಕೊಡುವಾಗ ನಾನು ಅವರ ಮುಖ ನೋಡಲಿಲ್ಲ, ಅವರೂ ನನ್ನದನ್ನು ನೋಡಲಿಲ್ಲ. "ಸಾರ್, ನೀವೇ ಕಟ್ಕೊಳಿ" ಎಂದೆ. "ಮನೇಲಿ ಗೊತ್ತಾಗತ್ತೆ" ಎಂದರು. ನಾನೇ ಕಟ್ಟಿಕೊಂಡೆ. ಆಯುಧಪೂಜೆಗೆ ಕಾರ್ಖಾನೆಗೆ ಎಲ್ಲರ ಮನೆಯವರೂ ಬರುತ್ತಿದ್ದರು. ಅವತ್ತು ನಾನು ರಜೆ ಹಾಕಿ ರೂಮಿನಲ್ಲಿ ಕೂತೆ. ಚೆನ್ನಾಗಿ ಉಂಡು ಬೆಳೆದ ನನ್ನ ಮೈಯನ್ನು ಆ ತಾಯಿಗೆ ಹೇಗೆ ತೋರಿಸಲಿ? ಮಾರನೆಯ ದಿನ ಸಾರ್ ಹೇಳಿದರು, "ನೀನು ಮಲಗಿಬಿಟ್ಟಿದೀಯ ಅಂದ್ಕೊಂಡು ಅಲ್ಲೇ ಮಷೀನ್ ಪಕ್ಕ ನಿಂತು ಅತ್ತಳು."

ದೀಪಾವಳಿ ಕಳೆದು ಒಂದು ವಾರಕ್ಕೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಸಾರ್ ತಮ್ಮ ಕೋಣೆಯಲ್ಲೇ ಕುಸಿದುಬಿದ್ದರು. ಎತ್ತಿ ಕೂರಿಸಿದಾಗ ಕಣ್ಣುಗಳು ಅರಿಶಿನದ ಹಾಗೆ ಹಳದಿಯಾಗಿದ್ದವು. ಕಂಪನಿಯ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಮನೆಗೆ ಫೋನು ಮಾಡಿದ್ದು ಮ್ಯಾನೇಜರು. ನಾನು ಸಾರ್ ಅವರ ಚೀಲ, ಕನ್ನಡಕ, ಚಪ್ಪಲಿ ಹಿಡಿದುಕೊಂಡು ಎಮರ್ಜೆನ್ಸಿಯ ಬಾಗಿಲಲ್ಲಿ ನಿಂತಿದ್ದೆ. ಆಟೋದಿಂದ ತಾಯಿ ಮಗಳು ಇಳಿದು ಓಡಿ ಬಂದರು.

"ನೀನ್ಯಾರಪ್ಪ?" ಎಂದರು ಅಮ್ಮ, ನನ್ನ ಕೈಯಲ್ಲಿದ್ದ ಕನ್ನಡಕ ನೋಡಿ.

ನನ್ನ ಹೆಸರು ಹೇಳಿದೆ.

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕೈಯ ಕೆಂಪು ದಾರ ನೋಡಿದರು. ತುಂಬಿದ ಕೆನ್ನೆ ನೋಡಿದರು. "ನೀನು ಚೆನ್ನಾಗೇ ಇದೀಯಲ್ಲ" ಎಂದರು. ಆ ಮಾತಿನಲ್ಲಿ ಮೊದಲು ಸಂತೋಷವೇ ಇತ್ತು. ಅದು ಮುಗಿಯುವಷ್ಟರಲ್ಲಿ ಅವರಿಗೆ ಅರ್ಥವಾಯಿತು. ಗೋಡೆಗೆ ಕೈ ಕೊಟ್ಟು ನಿಂತರು. ಮಗಳು "ಏನಮ್ಮ, ಏನು?" ಎಂದು ಕೇಳುತ್ತಲೇ ಇದ್ದಳು.

ಆಮೇಲೆ ಸಾರ್ ಬದುಕಿದ್ದು ಹತ್ತೊಂಬತ್ತು ದಿನ. ಮೊದಲ ಮೂರು ದಿನ ಅಮ್ಮ ಎಲ್ಲ ಸೇವೆ ಮಾಡಿದರು, ಒಂದು ಮಾತೂ ಆಡಲಿಲ್ಲ. ನಾನು ನೋಡಲು ಹೋದಾಗ ಸಾರ್ ಮೆಲ್ಲಗೆ, "ಅವಳು ಮಾತಾಡ್ತಿಲ್ಲ ಕಣಯ್ಯ" ಎಂದರು. ಕಿಟಕಿಯ ಕಡೆ ನಿಂತು ಮೂಸಂಬಿ ಬಿಡಿಸುತ್ತಿದ್ದ ಅಮ್ಮನಿಗೆ ಅದು ಕೇಳಿಸಿರಬೇಕು. ತಿರುಗದೆಯೇ, "ಏನು ಮಾತಾಡಲಿ? ನನ್ನ ಹತ್ರ ಮಾತಾಡೋದೆಲ್ಲ ಅವನ ಹತ್ರ ಆಡಿ ಮುಗಿಸಿದೀರಲ್ಲ" ಎಂದರು. ಸಾರ್ ಕೈಯನ್ನು ಹಾಸಿಗೆಯ ಅಂಚಿಗೆ ಚಾಚಿದರು. ಅಮ್ಮ ಬಹಳ ಹೊತ್ತು ನಿಂತೇ ಇದ್ದು, ಕೊನೆಗೆ ಬಂದು ಒಂದು ತೊಳೆಯನ್ನು ಆ ಕೈಯಲ್ಲಿಟ್ಟರು. ನಾನು ಹೊರಗೆ ಬಂದುಬಿಟ್ಟೆ. ಅವರನ್ನು ಜೀವಂತವಾಗಿ ನೋಡಿದ್ದು ಅವತ್ತೇ ಕೊನೆ.

ಕಾರ್ಯಗಳೆಲ್ಲ ಮುಗಿದು ಎರಡು ವಾರದ ನಂತರ ಅಮ್ಮ ಫೋನು ಮಾಡಿ ಬರಹೇಳಿದರು. ಬಾಗಲಗುಂಟೆಯಲ್ಲಿ ಅವರ ಮನೆ. ಹೋಗುವಾಗ ದಾರಿಯುದ್ದಕ್ಕೂ, ಬೈಯಲಿ, ಚೆನ್ನಾಗಿ ಬೈಯಲಿ ಎಂದುಕೊಂಡೆ. ಅವರು ಬೈಯಲಿಲ್ಲ. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತೆರೆದಿಟ್ಟಿದ್ದರು.

"ಇವರು ರಾತ್ರಿ ಊಟ ಆದ್ಮೇಲೆ ಇದ್ರ ಮುಂದೆ ಕೂತಿರೋರು. ನಾನು ಹತ್ರ ಬಂದ್ರೆ ಮುಚ್ಚೋರು. ಏನು ಓದ್ತಿದ್ರು ಅಂತ ನೋಡ್ಬೇಕು. ತೆಗೆದು ತೋರಿಸು."

ತೆಗೆದೆ. ಬಿಳಿಯ ಪುಟ, ನಡುವೆ ಹುಡುಕುವ ಖಾಲಿ ಗೆರೆ.

"ಏನೂ ಉಳಿದಿಲ್ಲ ಅಮ್ಮ. ಮುಚ್ಚಿದ ತಕ್ಷಣ ಅಳಿಸಿಹೋಗತ್ತೆ. ಇದು ಇರೋದೇ ಹಾಗೆ."

"ಇದನ್ನ ಹಾಕಿಕೊಟ್ಟಿದ್ದು ನೀನೇನಾ?"

"ನಾನೇ."

ಅಮ್ಮ ಆ ಬಿಳಿಯ ಪುಟವನ್ನೇ ನೋಡುತ್ತ ಕೂತರು. "ನಾಲ್ಕು ತಿಂಗಳು" ಎಂದರು. "ನೀನು ಸುಮ್ನಿದ್ದಿದ್ರೆ ಆ ಜಾಹೀರಾತು ಇನ್ನೊಂದು ಸಲ ಬರೋದು. ಮತ್ತೊಂದು ಸಲ ಬರೋದು. ನಾನು ಕೇಳ್ತಿದ್ದೆ. ಬಿಡ್ತಿರ್ಲಿಲ್ಲ. ಗೊತ್ತಾಗೋದು. ಆ ನಾಲ್ಕು ತಿಂಗಳು ನಾನು ನಿನಗೆ ಗಂಜಿ ಕಾಯಿಸಿದೆ. ಅವರಿಗೆ ದಿನಾ ಖಾರದ ಹುಳಿ ಬಡಿಸಿದೆ ಕಣಪ್ಪ. ಅವರು ಊಟ ಬಿಟ್ಟಾಗ ಶುಗರ್ ಅಂದ್ಕೊಂಡು ಗದರಿದೀನಿ."

ಸಾರ್ ಗುಟ್ಟನ್ನು ಕಾಪಾಡಿದೆ ಎಂದು ಅಷ್ಟು ದಿನ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ. ಆ ಗುಟ್ಟು ಯಾರ ಕೈಯಿಂದ ಏನನ್ನು ಕಿತ್ತುಕೊಳ್ಳುತ್ತಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹೊರಡಲು ಎದ್ದೆ. ಆಗ ನನಗೆ ಒಂದು ದಿನದ ಸಂಗತಿ ನೆನಪಾಯಿತು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದು ಎಂದೂ ಅನ್ನಿಸಿರಲಿಲ್ಲ.

"ಅಮ್ಮ, ಒಂದು ಸಲ ನಾನು ನೋಡಿದೀನಿ. ಕೀಬೋರ್ಡ್ ಬದಲಾಯಿಸೋಕೆ ಅವರ ರೂಮಿಗೆ ಹೋಗಿದ್ದೆ. ಹಿಂದೆ ಬಂದು ನಿಂತಿದ್ದು ಅವರಿಗೆ ಗೊತ್ತಾಗ್ಲಿಲ್ಲ. ಕನ್ನಡದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೀತಿದ್ರು, 'ಹೆಂಡತಿಗೆ ಹೇಗೆ ಹೇಳುವುದು' ಅಂತ."

ಅಮ್ಮ ತಲೆಯೆತ್ತಿದರು. "ಏನು ಹೇಳ್ತಂತೆ ಅದು?"

"ಅದಕ್ಕೇನು ತಿಳಿಯತ್ತಮ್ಮ. ಹೆಂಡತಿಗೆ ಹುಟ್ಟುಹಬ್ಬದ ಶುಭಾಶಯ ಹೇಳೋದು ಹೇಗೆ, ಮದುವೆ ದಿನ ಹೆಂಡತಿಗೆ ಹೇಳೋ ಸಿಹಿ ಮಾತುಗಳು, ಅಂಥವೇ ಸಾಲಾಗಿ ಬಂದ್ವು. ಸಾರ್ ಮುಚ್ಚಲಿಲ್ಲ. ಕನ್ನಡಕ ಏರಿಸ್ಕೊಂಡು ಒಂದೊಂದನ್ನೂ ತೆಗೆದು ಕೊನೇ ತನಕ ಓದಿದ್ರು."

"ಏನಿತ್ತು ಅದ್ರಲ್ಲಿ?"

ನೆನಪಿದ್ದ ಒಂದೆರಡು ಸಾಲು ಹೇಳಿದೆ. ನೀನಿದ್ದರೇ ಮನೆ, ನಿನ್ನ ನಗುವೇ ನನಗೆ ಬೆಳಕು, ಅಂಥ ಮಾತುಗಳು. ಅಮ್ಮನಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಇವರು! ಇವರು ಇದನ್ನ ಓದಿದ್ರಾ!" ಎಂದು ಮತ್ತೆ ನಕ್ಕರು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅಂಥ ಒಂದು ಮಾತೂ ಸಾರ್ ಬಾಯಿಂದ ಬಂದದ್ದಿಲ್ಲವಂತೆ. ನಗುತ್ತ ನಗುತ್ತ ಅಮ್ಮನ ಭುಜ ಅಲುಗಲು ಶುರುವಾಯಿತು. ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

ಬಹಳ ಹೊತ್ತಿನ ಮೇಲೆ ಅಮ್ಮ ಮುಖ ಒರೆಸಿಕೊಂಡರು.

"ಅದನ್ನಾದ್ರೂ ಓದಿ ಹೇಳಬಹುದಿತ್ತಲ್ಲಪ್ಪ" ಎಂದರು. "ಅವರ ಬಾಯಲ್ಲಿ ಅಂಥ ಮಾತು ಬಂದಿದ್ರೆ, ಮಿಕ್ಕಿದ್ದೆಲ್ಲ ನನಗೆ ತಾನಾಗೇ ಗೊತ್ತಾಗ್ತಿತ್ತು."